ಗೊಂಬೆ ಮನೆಯ ದೀಪ ಮತ್ತು ಒಂದು ಪಾತ್ರೆ ಮಜ್ಜಿಗೆ

ದಸರಾ ಗೊಂಬೆಗಳ ಹಿಂದೆ ಪರದೆಯಂತೆ ಇಳಿಬಿಟ್ಟಿದ್ದ ಜಾರ್ಜೆಟ್ ಸೀರೆಗೂ ಉರಿಯುತ್ತಿದ್ದ ಎಣ್ಣೆದೀಪಕ್ಕೂ ನಡುವೆ ಇದ್ದದ್ದು ಅಂಗೈಯಗಲದ ಅಂತರ. ಕಳೆದ ವರ್ಷ, ಕುವೆಂಪುನಗರದ ನಮ್ಮ ಎದುರು ಮನೆಯಲ್ಲಿ. ಅರಿಶಿನ ಕುಂಕುಮಕ್ಕೆಂದು ಹೋಗಿದ್ದ ನಾನು ಸದ್ದಿಲ್ಲದೆ ದೀಪವನ್ನು ಈಚೆಗೆ ಸರಿಸಿದೆ. ಮನೆಯೊಡತಿ ನಗುನಗುತ್ತಲೇ ಅದನ್ನು ಆಚೆಗೆ ಸರಿಸಿದರು. ನಾನು ಪುನಃ ಸರಿಸಿದೆ.

“ನಿಮ್ಗೆ ಎಲ್ಲಾದಕ್ಕೂ ಭಯ ಕಣ್ರೀ. ಸುಮ್ನೆ ಕೂತ್ಕೊಂಡು ಮಜ್ಜಿಗೆ ಕುಡೀರಿ,” ಎಂದು ಬೀದಿಯ ಹೆಂಗಸರೆಲ್ಲರ ಎದುರು ಹೇಳಿ, ದೀಪವನ್ನು ಮೊದಲಿನ ಜಾಗದಲ್ಲೇ ಇಟ್ಟರು. ಆಗ ನಕ್ಕವರು ಯಾರು ಯಾರೆಂಬುದು ನನಗೆ ಇಂದಿಗೂ ನೆನಪಿದೆ.

ಅಷ್ಟರಲ್ಲಿ ಯಾರೋ ಸೆಕೆಯೆಂದು ಫ್ಯಾನ್ ಹಾಕಿದರು. ಸೀರೆಯ ಅಂಚು ದೀಪಕ್ಕೆ ತಾಗಿ ಭಗ್ಗನೆ ಹೊತ್ತಿಕೊಂಡಿತು. ನಕ್ಕವರೆಲ್ಲ ಬಾಗಿಲಿಗೆ ಓಡಿದರು. ನಾನು ಸೀರೆಯನ್ನು ನೆಲಕ್ಕೆಳೆದು, ಪಕ್ಕದಲ್ಲಿದ್ದ ಪಾತ್ರೆಯ ಮಜ್ಜಿಗೆಯನ್ನೆಲ್ಲ ಅದರತ್ತ ಎರಚಿದೆ. ಬೆಂಕಿ ಆರಿತು. ಪಟ್ಟದ ಗೊಂಬೆಗಳ ಮೈಮೇಲೆ ಒಂದಿಷ್ಟು ಕರಿಬೇವು ಉಳಿಯಿತು.

“ರಾಜಾ ರಾಣಿ ಮೇಲೆಲ್ಲ ಮಜ್ಜಿಗೆ ಚೆಲ್ಬುಟ್ರಲ್ರೀ,” ಎಂದರು ಮನೆಯೊಡತಿ. ಮನೆ ಉಳಿಯಿತೆಂಬ ಮಾತು ಅವರ ಬಾಯಿಂದ ಬರಲಿಲ್ಲ.

ಈ ವರ್ಷ ಅವರ ಗೊಂಬೆಗಳ ಹಿಂದೆ ಸೀರೆಯಿಲ್ಲ. ದೀಪವೂ ದೂರದಲ್ಲಿ, ಹಿತ್ತಾಳೆ ತಟ್ಟೆಯ ಮೇಲಿದೆ. ಕಾರಣ ಕೇಳಿದವರಿಗೆ ವಾಸ್ತು ಎನ್ನುತ್ತಾರೆ. ಅಲ್ಲಿ ನಾನು ತಿದ್ದಲು ಹೋಗಲಿಲ್ಲ. ಪತ್ರಿಕೆಗೆ ಬರೆಯುವುದಿಲ್ಲವೆಂದು ಮಾತ್ರ ಯಾರಿಗೂ ಮಾತು ಕೊಟ್ಟಿಲ್ಲ.