ಗಾಳಿ ಎಷ್ಟು ಸಾಕು

ಪ್ರತಿ ಆಪರೇಷನ್ನಿಗೂ ಮೊದಲು ಡಾಕ್ಟರಮ್ಮ ಬಲಗಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ಕಿವಿಯನ್ನು ರೋಗಿಯ ಬಾಯಿಗೆ ತೀರ ಹತ್ತಿರ ತರಬೇಕಿತ್ತು; ಓಲೆ ರೋಗಿಯ ಕೆನ್ನೆಗೆ ಚುಚ್ಚಬಾರದಲ್ಲ.

ಅರವತ್ತರ ದಶಕ. ಹಾಸನದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವರು ಅರಿವಳಿಕೆ ಕೊಡುವ ಡಾಕ್ಟರು, ನಾನು ಹೊಸ ನರ್ಸು. ರೋಗಿಯ ಶ್ವಾಸನಾಳಕ್ಕೆ ಕೆಂಪು ರಬ್ಬರ್ ಕೊಳವೆ ಇಳಿಸಿ, ಅದರ ತುದಿಯ ಪುಟ್ಟ ಬಲೂನಿಗೆ ಸಿರಿಂಜಿನಿಂದ ಗಾಳಿ ತುಂಬಬೇಕು. ಕಡಿಮೆಯಾದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದೀತು. ಹೆಚ್ಚಾದರೆ ಗಂಟಲ ಒಳಗೆ ಒತ್ತಿ ಗಾಯವಾದೀತು. ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಗಾಳಿ ಸೋರುವ ಸದ್ದು ನಿಂತ ಕೂಡಲೇ ಅವರು "ಸಾಕು" ಎನ್ನುವರು. ಸಿರಿಂಜು ಹಿಡಿದ ನಾನು ನಿಲ್ಲಿಸಬೇಕು. "ಸಾಕು ಅಂದ್ಮೇಲೆ ಒಂದು ಚೂರೂ ಬೇಡ ಕಣೇ," ಎಂದು ದಿನವೂ ಹೇಳುತ್ತಿದ್ದರು.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಜನ ಹತ್ತಿಸುವ ಏಜೆಂಟನೊಬ್ಬನಿಗೆ ಹೊಟ್ಟೆಯ ಆಪರೇಷನ್ ಆಯಿತು. ಮೂರು ಗಂಟೆ ಹಿಡಿಯಿತು. ಮರುದಿನ ಅವನು ಬಾಯಿ ತೆರೆದರೆ ಬರೀ ಉಸಿರು.

"ಗಂಟ್ಲೇ ಓಗ್ಬುಟ್ಟೈತಲ್ಲವ್ವಾ! ಇನ್ನೇನ್ ಕೂಗಾನು?" ಎಂದು ಅವನ ಹೆಂಡತಿ ಅತ್ತಳು.

"ಸಾಕು" ಎಂದ ಮೇಲೂ ನನ್ನ ಹೆಬ್ಬೆರಳು ಒತ್ತಿತ್ತೇ? ಒತ್ತಿತ್ತು ಎಂದು ಒಂದು ಸಲ ಅನ್ನಿಸಿತು, ಇಲ್ಲವೆಂದು ಇನ್ನೊಂದು ಸಲ. ಡಾಕ್ಟರಮ್ಮನಿಗೆ ಹಾಗೆಯೇ ಹೇಳಿಬಿಟ್ಟೆ.

"ಏನಾಯ್ತೋ ನಂಗೂ ಗೊತ್ತಾಗ್ತಿಲ್ಲ. ಆದ್ರೆ ಕೇಳಿಸ್ಕೊಂಡ ಕಿವಿ ನಂದು ತಾನೆ?" ಎಂದವರೇ ಆ ಹೆಂಗಸಿನ ಬಳಿ ಹೋಗಿ, "ತಪ್ಪು ನಂದಮ್ಮ," ಎಂದರು.

ಆಮೇಲೆ ಭಾನುವಾರ ಬಂತೆಂದರೆ ನನ್ನನ್ನೂ ಕರೆದುಕೊಂಡು ಹೊಳೆನರಸೀಪುರದ ಬಸ್ಸು ಹತ್ತುವರು. ನಾಲ್ಕನೆಯ ಭಾನುವಾರ ಏಜೆಂಟ ನಮ್ಮನ್ನು ಕಂಡವನೇ ಫುಟ್‌ಬೋರ್ಡಿನ ಮೇಲೆ ನಿಂತು, "ಅರಕಲಗೂಡು! ಅರಕಲಗೂಡು!" ಎಂದು ಕೂಗಿದ. "ಬತ್ತಾ ಐತೆ ಡಾಕ್ಟ್ರಮ್ಮಾ!"

ದನಿ ಒಡೆದಿತ್ತು. ಮೊದಲೂ ಹಾಗೆಯೇ ಇತ್ತೋ ಏನೋ, ನಾವು ಕೇಳಿದವರಲ್ಲ. ಡಾಕ್ಟರಮ್ಮ ನಗುತ್ತಿದ್ದರು, ಕಣ್ಣೂ ಒರೆಸಿಕೊಳ್ಳುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ ಕೇಳಿದೆ: ಅರಿವಳಿಕೆಗೆ ಕೊಡುವ ಗ್ಯಾಸ್ ತಾನಾಗಿಯೇ ಆ ಬಲೂನಿನೊಳಕ್ಕೆ ನುಸುಳುತ್ತದಂತೆ, ಮೊದಲು ಸರಿಯಾಗಿಯೇ ತುಂಬಿದ್ದರೂ ಹೊತ್ತು ಹೋದಂತೆ ಒತ್ತಡ ಏರುತ್ತದಂತೆ. ಇದನ್ನು ಹೇಳಲೆಂದೇ ಚನ್ನರಾಯಪಟ್ಟಣಕ್ಕೆ ಡಾಕ್ಟರಮ್ಮನ ಮನೆಗೆ ಓಡಿದೆ. ತೀರಿಕೊಂಡು ತಿಂಗಳಾಗಿತ್ತು. ಅವರ ತಮ್ಮನ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ.

"ಅಂಗಾದ್ರೆ ನಮ್ಮಕ್ಕಂದು ತಪ್ಪಿರ್ಲಿಲ್ವಾ?" ಎಂದರು ಅವರು.

ಗ್ಯಾಸಿನದೋ, ನನ್ನ ಬೆರಳಿನದೋ, ಆಗಲೂ ನನಗೆ ತಿಳಿಯಲಿಲ್ಲ. ಆದರೆ ಅವರಿಗೆ ಉತ್ತರ ಕೊಡಲು ತಡಮಾಡಲಿಲ್ಲ.

"ಇರಲಿಲ್ಲ," ಎಂದೆ.