ಮೊದಲು ಫೋನು ಮಾಡುವವಳು
ಯಾರ್ಕ್‌ಶೈರಿನ ಆ ಪುಟ್ಟ ಊರಿನಲ್ಲಿ ಪಬ್ಬಿನ ಒಡತಿಯೆಂದರೆ ಗ್ಲೆಂಡಾಳೇ. ಒಳಬಂದವನ ಮುಖ ನೋಡಿಯೇ ಅವನಿಗೆ ಬೇಕಾದ ಬಿಯರು ಬಗ್ಗಿಸುವಳು. ಮುಚ್ಚುವ ಗಂಟೆ ಬಾರಿಸಿದರೆ ಪಾದ್ರಿಯೂ ಮರುಮಾತಿಲ್ಲದೆ ಕೋಟು ಹುಡುಕಬೇಕು. ಕುಡಿದು ಕೈಯೆತ್ತಿದವನಿಗೆ, "ನಿಮ್ಮಪ್ಪನ್ನೂ ಇದೇ ಬಾಗಿಲಿಂದ ಆಚೆ ಹಾಕಿದೀನಿ, ನಡಿಯೋ ಕಂದಾ" ಎನ್ನುವಳು. ಎದುರಿನ ಬಸ್‌ಸ್ಟಾಪಿನಲ್ಲಿ ಯಾರೋ ಬಡಿದಾಡಿಕೊಂಡರೂ ಪೊಲೀಸರಿಗೆ ಮೊದಲು ಫೋನು ಮಾಡುವವಳು ಅವಳೇ. ಆ ಫೋನುಗಳೇ ಅವಳ ಕೊರಳಿಗೆ ಉರುಳಾದವು. ಒಂದೊಂದು ಕರೆಯೂ ಪಬ್ಬಿನ ಹೆಸರಿನಲ್ಲೇ ಅಪರಾಧವಾಗಿ ದಾಖಲಾಗಿ, ಲೈಸೆನ್ಸ್ ಇರಬೇಕೋ ಬೇಡವೋ ಎಂದು ಪುರಸಭೆಯವರು ವಿಚಾರಣೆಗೆ ಕರೆದರು. "ಇಷ್ಟು ಗಲಾಟೆ ನಿಮ್ಮಲ್ಲೇ ಯಾಕಮ್ಮ? ಕೆಳಗಿನ ಬೀದಿ ಪಬ್ಬಿಂದ ಒಂದು ದೂರೂ ಬಂದಿಲ್ವಲ್ಲ?" ಎಂದರು ಅಧ್ಯಕ್ಷರು. "ಆ ಪಬ್ಬಿನವನು ಫೋನೇ ಮಾಡಲ್ಲ, ಸ್ವಾಮಿ!" ಎಂದಳು. ಕೇಳಿಸಿಕೊಂಡವರಿಲ್ಲ. ಇದೇ ಕೊನೆಯ ಎಚ್ಚರಿಕೆ ಎಂದು ಲೈಸೆನ್ಸ್ ಉಳಿಸಿದರು. ಮರುವಾರ ಸಂಜೆ ಬಸ್‌ಸ್ಟಾಪಿನಲ್ಲಿ ಹೆಂಗಸೊಬ್ಬಳು ಚೀರಿಕೊಂಡಳು. ಗ್ಲೆಂಡಾ ಫೋನೆತ್ತಿ, ಹಾಗೇ ಹಿಡಿದು ನಿಂತು, ಕೆಳಗಿಟ್ಟಳು. "ಫೋನ್ ಮಾಡಲ್ವೇನೇ?" ಎಂದ ಮುದಿ ಗಿರಾಕಿ. "ಪಬ್ಬೊಳಗಿನದಲ್ಲ, ಬಿಡು" ಎಂದವಳು, ಅಂದು ಮೊದಲ ಸಲ, ಯಾರ ಮುಖವನ್ನೂ ನೋಡದೆ ಬಿಯರು ಬಗ್ಗಿಸಿದಳು.