ಒಂದೇ ಬದಿಗೆ ಸವೆದ ಗಾಲಿ

ಸುಟ್ಟ ರಬ್ಬರಿನ ವಾಸನೆಯನ್ನು ಮೆಚ್ಚುವವರು ಯಾರೂ ಇರಲಾರರು. ನಾನೂ ಮೆಚ್ಚಿದವನಲ್ಲ. ಆದರೂ ಮೊನ್ನೆ ಮಧ್ಯಾಹ್ನ ಅಣ್ಣನ ಅಂಗಳದ ಬೇವಿನ ಮರದ ಕೆಳಗೆ ಆಗಷ್ಟೇ ಬಂದು ನಿಂತ ಪಿಕಪ್ಪಿನಿಂದ ಆ ವಾಸನೆ ಎದ್ದಾಗ ಮೂಗು ಮುಚ್ಚಿಕೊಳ್ಳಬೇಕೆಂದು ತೋರಲಿಲ್ಲ. ಮುಂದಿನ ಎಡಗಾಲಿಯ ಟಾಯರು ಇಲಿ ಕಡಿದ ರೊಟ್ಟಿಯ ಅಂಚಿನಂತೆ ಹೊರಬದಿಗೆ ತಿಂದುಹೋಗಿತ್ತು. ಒಳಬದಿ ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು. ಅಣ್ಣ ಕೆಳಗಿಳಿದವನೇ ಬೈಲಹೊಂಗಲದ ಮಿಸ್ತ್ರಿ ದಸ್ತಗೀರನನ್ನು ಬೈಯತೊಡಗಿದ.

"ಗಾಲಿ ನೆಟ್ಟಗ ಕೂಡ್ಸು ಅಂತ ಎಷ್ಟ ಸಲಾ ಹೇಳಬೇಕು ಅವಗ? ಹೊಸಾ ಟಾಯರ ಇನ್ನಾ ಒಂದ ಮಳಿ ಕಂಡಿಲ್ಲ. ಗಾಲಿ ಸುದ್ದ ಮಾಡಾಕ ಬರದಾಂವಾ ಮಿಸ್ತ್ರಿ ಅಂತ ಯಾಕ ಹೇಳ್ಕೋಬೇಕು?"

ಈ ಪಿಕಪ್ಪಿನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಯುದ್ಧ ಮುಗಿದ ಮೇಲೆ ಬೆಳಗಾವಿಯ ಹರಾಜಿನಲ್ಲಿ ಅಣ್ಣ ಇದನ್ನು ಹಿಡಿದು ತಂದ. ಬಣ್ಣ ಕೆರೆದರೆ ಒಳಗೆ ಇನ್ನೂ ಸಿಪಾಯಿ ಹಸಿರು ಕಾಣುತ್ತದೆ. ಎಪ್ಪತ್ತರ ಹೊಸ್ತಿಲಲ್ಲಿರುವ ಅಣ್ಣ ಅದನ್ನು ತಾನೇ ನಡೆಸುತ್ತಾನೆ, ಬೇರೆಯವರ ಕೈಗೆ ಕೊಡುವುದಿಲ್ಲ. ನಾನು ಅದರಲ್ಲಿ ಹೋಗುವಾಗ ಹಿಂದೆ ಜೋಳದ ಚೀಲಗಳ ಮೇಲೆ ಕೂರುವುದು ವಾಡಿಕೆ. ಗಾಳಿ ಚೆನ್ನಾಗಿ ಬರುತ್ತದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜವಾದ ಕಾರಣ, ಪ್ರಸಂಗ ಬಂದರೆ ಹಾರಿಕೊಳ್ಳಲು ಅಲ್ಲಿಂದ ಸುಲಭ. ನಾಲ್ಕು ದಶಕ ಸಾಲೆಯ ಮಕ್ಕಳಿಗೆ ಧೈರ್ಯದ ಪಾಠ ಹೇಳಿದ ಮಾಸ್ತರನ ಧೈರ್ಯ ಇಷ್ಟೇ.

ದಸ್ತಗೀರನೂ ಸುಮ್ಮನೆ ಕೂತವನಲ್ಲ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ದಾರ ಎಳೆದು, ಕಡ್ಡಿ ಹಿಡಿದು ಅಳೆದು, ಗಾಡಿಯ ಕೆಳಗೆ ಅಂಗಾತ ಮಲಗಿ ಸರಳು ತಿರುವಿ, "ಈಗ ಗಾಲಿ ಸೀದಾ ನೋಡಾಕ ಹತ್ತ್ಯಾವ್ರೀ ಯಜಮಾನ್ರ" ಎಂದು ಕಳಿಸುತ್ತಿದ್ದ. ಸ್ವಲ್ಪ ದಿನಕ್ಕೆ ಟಾಯರು ಮತ್ತೆ ಅದೇ ಬದಿಗೆ ಸವೆಯುತ್ತಿತ್ತು. ಅಣ್ಣ ಮತ್ತೆ ಹೋಗಿ ಬೈಯುತ್ತಿದ್ದ.

ನಾನು ನಿಂತು ನೆನೆದದ್ದು ಆ ಬೈಗುಳ ಕೇಳಿ. "ಗಾಲಿ ಸುದ್ದ ಮಾಡಾಕ ಬರದಾಂವಾ" ಎಂಬ ಮಾತನ್ನು ಇದೇ ಅಂಗಳದಲ್ಲಿ ನಮ್ಮ ಅಪ್ಪ ಹೇಳಿದ್ದ. ಆಗಿನ ವಾಸನೆ ಬೇರೆ. ಕೆಂಪಗೆ ಕಾಯಿಸಿದ ಕಬ್ಬಿಣದ ಹಳಿಯನ್ನು ಚಕ್ಕಡಿಯ ಗಾಲಿಗೆ ಏರಿಸಿ ನೀರು ಸುರಿದಾಗ ಕಟ್ಟಿಗೆ ಕರಿಯಾಗಿ ಏಳುವ ಹೊಗೆಯದು. ಈಗಿನ ಮಕ್ಕಳಿಗೆ ಅದು ಗೊತ್ತಿಲ್ಲ. ನನಗೆ ಅದು ಇಂದಿಗೂ ಬಿಸಿ ರೊಟ್ಟಿಯ ವಾಸನೆಯಷ್ಟೇ ಆಪ್ತ.

ಈ ಶತಮಾನ ಹುಟ್ಟಿ ಹತ್ತು ವರ್ಷವೂ ಆಗಿರದ ಕಾಲ. ನಾನು ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ, ತಲೆಯ ತುಂಬ ರೇಖಾಗಣಿತ ತುಂಬಿಕೊಂಡು ಊರಿಗೆ ಬಂದಿದ್ದೆ. ನಮ್ಮ ಹಳ್ಳಿ ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿದೆ. ಹತ್ತಿ ಹೊಂಗಲಕ್ಕೆ, ಜೋಳ ಸವದತ್ತಿಗೆ, ಅವ್ವ ತವರಿಗೆ ಎಂದರೆ ರಾಮದುರ್ಗದ ಈಚೆಯ ತೊರಗಲ್ಲಿಗೆ, ಎಲ್ಲಕ್ಕೂ ಒಂದೇ ಚಕ್ಕಡಿ. ಅದಕ್ಕೆ ಎರಡು ಎತ್ತು. ನೊಗದ ಬಲಬದಿಗೆ, ಎಂದರೆ ಬಲಗೋಲಿಗೆ, ಕೆಂಚ್ಯಾ, ಹರೆಯದ್ದು. ಎಡಗೋಲಿಗೆ ಹಂಡ್ಯಾ, ವಯಸ್ಸಾದದ್ದು. ನೊಗದ ಯಾವ ಬದಿಗೆ ಎತ್ತನ್ನು ಮೊದಲು ಪಳಗಿಸುತ್ತಾರೋ ಸಾಯುವ ತನಕ ಅದಕ್ಕೆ ಅದೇ ಬದಿ. ಬದಿ ತಪ್ಪಿಸಿ ಹೂಡಿದರೆ ಎಂಥ ಸಾಧು ಎತ್ತೂ ನೊಗ ಒಗೆಯುತ್ತದೆ.

ಹಂಡ್ಯಾ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ತಾಯಿ ಸತ್ತ ಕರುವಿಗೆ ಅಪ್ಪ ಬಟ್ಟೆ ಅದ್ದಿ ಹಾಲು ಕುಡಿಸಿದ್ದನಂತೆ. ಅಪ್ಪ ಮಾತು ಕಡಿಮೆಯ ಮನುಷ್ಯ. ನಮ್ಮಿಬ್ಬರ ಬೆನ್ನ ಮೇಲೆ ಕೈಯಾಡಿಸಿದ್ದು ನನಗೆ ನೆನಪಿಲ್ಲ. ಹಂಡ್ಯಾನ ಬೆನ್ನ ಮೇಲೆ ಮಾತ್ರ ದಿನಾಲೂ ಆಡಿಸುತ್ತಿದ್ದ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯಿಲ್ಲ.

ಆ ವರ್ಷ ಚಕ್ಕಡಿಯ ಬಲಗಾಲಿಯ ಹಳಿ ಹೊರಬದಿಗೆ ಸವೆಯತೊಡಗಿತು. ಗಾಲಿ ಮಾಡಿದವನು ಬಡಿಗೇರ ಮೌನಪ್ಪ. ಹೆಸರಷ್ಟೇ ಮೌನ, ಬಾಯಿ ತೆರೆದರೆ ಊರ ಅಗಸಿ ಬಾಗಿಲ ತನಕ ಕೇಳುತ್ತಿತ್ತು. ಕಿತ್ತೂರ ಕಡೆಯ ಅಡವಿಯ ಕಟ್ಟಿಗೆಯೇ ಬೇಕೆಂದು ಹಟ ಹಿಡಿದು ತರಿಸಿ ಮಾಡಿದ ಗಾಲಿಗಳವು. "ನನ್ನ ಗಾಲಿ ಮೊಮ್ಮಕ್ಕಳ ಕಾಲಕ್ಕೂ ಓರಿ ಆಗಂಗಿಲ್ಲ" ಎಂದು ಆತ ಕಂಡವರಿಗೆಲ್ಲ ಸಾರಿದ್ದ. ಸವೆದ ಹಳಿ ನೋಡಿ ಅಚ್ಚು ಬಾಗಿದೆ ಎಂದು ಅಚ್ಚು ಬದಲಿಸಿದ. ಮತ್ತೆ ಸವೆಯಿತು. ಗಾಲಿಯ ನಡುಗುಂಬ ಸಡಿಲಾಗಿದೆ ಎಂದು ಅದನ್ನು ಬಿಗಿ ಮಾಡಿ, ಹಳಿ ಇಳಿಸಿ ಹೊಸದು ಏರಿಸಿದ. ಮತ್ತೆ ಸವೆಯಿತು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಒಂದು ಬೆಳಿಗ್ಗೆ ದಾರ, ಸುಣ್ಣ, ಅಳತೆಪಟ್ಟಿ ಹಿಡಿದು ಸವದತ್ತಿಯ ದಾರಿಗೆ ಹೋಗಿ ಅಳೆದು ಬಂದು, ದೋಷ ಗಾಲಿಯದಲ್ಲ, ದಾರಿ ಬಲಕ್ಕೆ ಇಳಿಜಾರಾಗಿದೆ, ಭಾರವೆಲ್ಲ ಬಲಗಾಲಿಯ ಮೇಲೆ ಬೀಳುತ್ತದೆ ಎಂದು ಮನೆಯವರೆದುರು ಸಿದ್ಧಾಂತ ಮಂಡಿಸಿದೆ. ಅವ್ವ ಹೆಮ್ಮೆಯಿಂದ ನೋಡಿದಳು. ಅಣ್ಣ ಆಗ ಇಪ್ಪತ್ತೈದರ ಗಂಡಾಳು, ಹೊಲದ ಕಾರಭಾರವೆಲ್ಲ ಅವನ ಕೈಯಲ್ಲಿತ್ತು. ರೊಟ್ಟಿ ಮುರಿಯುತ್ತ ಕೇಳಿದ, "ಹೋಗೂಮುಂದ ಬಲಕ್ಕ ಇಳಿಜಾರಿದ್ರ, ತಿರುಗಿ ಬರೂಮುಂದ ಅದು ಎಡಕ್ಕ ಆಗತೈತಲ್ಲೋ ಮಾಸ್ತರಾ?"

ನಾನು ಅಳತೆಪಟ್ಟಿಯನ್ನು ಟ್ರಂಕಿನಲ್ಲಿಟ್ಟೆ.

ನಗೆಯ ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಮೌನಪ್ಪನನ್ನು ನಾಲ್ಕು ಜನರೆದುರು ಬೈದ. ಗಾಲಿ ಸುದ್ದ ಮಾಡಲು ಬರದವನೆಂದ. ಅಪ್ಪನ ಬಾಯಲ್ಲಿ ಅಂಥ ಮಾತು ನಾವ್ಯಾರೂ ಕೇಳಿರಲಿಲ್ಲ. ಮಾತು ಕಡಿಮೆಯವನು ಬೈದರೆ ಜನ ನಂಬುತ್ತಾರೆ. ಊರವರು ಒಬ್ಬೊಬ್ಬರಾಗಿ ಗಾಲಿಯ ಕೆಲಸವನ್ನು ಮುನವಳ್ಳಿಯ ಬಡಿಗನಿಗೆ ಒಯ್ಯತೊಡಗಿದರು. ಮೌನಪ್ಪನ ಕಮ್ಮಟದಲ್ಲಿ ಕಟ್ಟಿಗೆ ಕೆತ್ತುವ ಬಾಚಿಯ ಸದ್ದು ತಗ್ಗಿತು. ಅವನ ಬಾಯಿಯ ಸದ್ದೂ ತಗ್ಗಿತು.

ಒಂದು ದಿನ ಆತ ತಾನಾಗಿಯೇ ನಮ್ಮ ಅಂಗಳಕ್ಕೆ ಬಂದ. ಹಿಂದೆ ಊರ ನಾಲ್ವರು ಹಿರಿಯರಿದ್ದರು. "ಯಜಮಾನ್ರ, ಒಂದ ಮಾತು. ಈ ಚಕ್ಕಡಿ ಬ್ಯಾರೆದವರ ಎತ್ತಿಗೆ ಒಂದಿಷ್ಟ ದಿನಾ ಕೊಡ್ರಿ. ಆಗೂ ಹಳಿ ತಿಂದ್ರ ಗಾಲಿ ನಂದು, ತಪ್ಪೂ ನಂದು."

ನ್ಯಾಯವಾದ ಮಾತು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ, "ಕೊಡಂಗಿಲ್ಲ" ಎಂದ.

"ಯಾಕಪಾ?" ಎಂದ ಅಣ್ಣ. ಅಪ್ಪ ಮುಖ ತಿರುಗಿಸಿದ. ಮೌನಪ್ಪ ತಲೆಯ ರುಮಾಲು ಬಿಚ್ಚಿ ಆ ಬಲಗಾಲಿಯ ಮೇಲಿಟ್ಟ. "ಹಂಗಾದ್ರ ನನ್ನ ಮಾನಾ ಇದರ ಮ್ಯಾಲ ಇಟ್ಟೇನಿ. ನಾಳಿಂದ ಈ ಊರಾಗ ಬಾಚಿ ಹಿಡಿಯಂಗಿಲ್ಲ. ಹೆಂಡತಿ ತವರು ಕಿತ್ತೂರು. ಅಲ್ಲೇ ಕೂಲಿ ಮಾಡತೇನಿ" ಎಂದು ಬರಿದಲೆಯಲ್ಲಿ ಹೊರಟ. ಆ ಗಂಟಲಿನ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಆತ ಬಾಗಿಲು ದಾಟುವಷ್ಟರಲ್ಲಿ ಅಪ್ಪ ಎದ್ದ. ರುಮಾಲು ಎತ್ತಿಕೊಂಡು ಹೋಗಿ ಆತನ ಕೈಗೆ ಕೊಟ್ಟ.

"ಮೌನಪ್ಪ, ತಲಿಗೆ ಸುತ್ತಿಗೊ. ಗಾಲಿ ಸುದ್ದ ಐತಿ. ಕಣ್ಣು ಸುದ್ದ ಇಲ್ಲ."

ಹಂಡ್ಯಾನ ಹತ್ತಿರ ಹೋಗಿ ಅದರ ಎಡಗಣ್ಣಿನ ಮುಂದೆ ಅಂಗೈ ಬೀಸಿದ. ಎತ್ತು ರೆಪ್ಪೆ ಬಡಿಯಲಿಲ್ಲ. ಬಲಗಣ್ಣಿನ ಮುಂದೆ ಬೀಸಿದ. ತಲೆ ಹಿಂದೆಳೆಯಿತು. ಎಡಬದಿಗೆ ಏನಿದೆಯೋ ಕಾಣದ ಹೆದರಿಕೆಗೆ ಆ ಬಡಪಾಯಿ ದಾರಿಯುದ್ದಕ್ಕೂ ಬಲಕ್ಕೆ ಒತ್ತುತ್ತಿತ್ತು. ಚಕ್ಕಡಿ ಬಲಕ್ಕೆ ಸರಿದು, ಬಲಗಾಲಿ ದಾರಿಯಂಚಿನ ಕಲ್ಲಿಗೆ ಉಜ್ಜುತ್ತಿತ್ತು. ಅಪ್ಪನಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಬೈದಿದ್ದ. ಜನ ಗಾಲಿಯನ್ನು ನೋಡುವ ತನಕ ಎತ್ತನ್ನು ನೋಡುವುದಿಲ್ಲ ಎಂಬುದೇ ಅವನ ಲೆಕ್ಕಾಚಾರ.

ಅದು ಯಾಕೆಂದು ಅಣ್ಣನ ಮುಂದಿನ ಮಾತಿಗೇ ತಿಳಿಯಿತು. "ಹಂಗಾದ್ರ ಅದನ್ನ ಇನ್ನ ಯಾಕ ಮೇಸಬೇಕು? ಸಂತಿಗೆ ಹೊಡಕೊಂಡ ಹೋಗತೇನಿ." ಕಣ್ಣು ಹೋದ ಮುದಿ ಎತ್ತನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಣ್ಣ ಕೆಟ್ಟವನಲ್ಲ. ಎರಡು ಎತ್ತಿನ ಹೊಲ, ಹೊಟ್ಟಿನ ಕೊರತೆ, ಮನೆ ನಡೆಸುವವನು ಅವನು. ಅಪ್ಪ ಹಂಡ್ಯಾನ ಬೆನ್ನ ಮೇಲೆ ಕೈಯಿಟ್ಟು ನಿಂತ. ಬಾಯಿ ಬಿಟ್ಟು ಬೇಡಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ.

ಬಾಯಿ ಬಿಟ್ಟವಳು ಅವ್ವ. ಗೋದಲಿಯಲ್ಲಿ ಎತ್ತುಗಳಿಗೆ ಮೇವು ಹಾಕುವವಳು ಅವಳೇ. "ಗ್ವಾದಲ್ಯಾಗ ಅದರ ಎಡಕ್ಕ ಕೆಂಚ್ಯಾ ನಿಂತ್ರ ಹಂಡ್ಯಾ ತಣ್ಣಗ ಮೇಯತೈತಿ. ಎಡಕ್ಕ ಯಾರೂ ಇಲ್ಲಂದ್ರ ಬೆದರತೈತಿ. ನೊಗದಾಗೂ ಹಂಗ ಕಟ್ಟಿ ನೋಡ್ರಿ."

ಎಂದರೆ ಹಂಡ್ಯಾನನ್ನು ಬಲಗೋಲಿಗೆ ತರುವುದು. ಕಾಣದ ಕಣ್ಣಿನ ಬದಿಗೆ ಜೊತೆಯ ಎತ್ತು, ಕಾಣುವ ಕಣ್ಣಿನ ಬದಿಗೆ ದಾರಿ. ಅಣ್ಣ ನಕ್ಕ. ಈ ವಯಸ್ಸಿನಲ್ಲಿ ಗೋಲು ಬದಲಿಸುವ ಎತ್ತು ಎಲ್ಲಿಯದು ಎಂದ. ಆಗ ಅಪ್ಪ ಅಂದ, "ಮಾರೂದಾದ್ರ ಮಾರು. ಅದಕ್ಕಿಂತ ಮೊದಲ ಈ ಸುಗ್ಗಿ ತನಕಾ ನೀನ ಅದಕ್ಕ ಕಲಿಸು."

ಅಣ್ಣ ಗೊಣಗುತ್ತಲೇ ಒಪ್ಪಿದ. ಮೊದಮೊದಲು ಊರಿಗೆಲ್ಲ ಅದು ಬಯಲಾಟವಾಗಿತ್ತು. ಎರಡೂ ಎತ್ತುಗಳು ತಮ್ಮ ತಮ್ಮ ಹಳೆಯ ಬದಿಗೆ ತಿರುಗಲು ಹೋಗಿ ನೊಗ ಸುತ್ತಿಕೊಂಡು, ಚಕ್ಕಡಿ ಹೊಂಗಲದ ದಾರಿ ಬಿಟ್ಟು ಯಾರದೋ ಕುಸುಬಿ ಹೊಲದಲ್ಲಿ ನಿಲ್ಲುತ್ತಿತ್ತು. ಅಣ್ಣ ಬಾರುಕೋಲು ಬಿಸಾಡಿ ಕೂತುಬಿಡುತ್ತಿದ್ದ. ಆಮೇಲೆ ಚಕ್ಕಡಿ ಹತ್ತುವುದನ್ನೇ ಬಿಟ್ಟು, ಹಂಡ್ಯಾನ ಕೊರಳ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆಯತೊಡಗಿದ. ನಡೆಯುತ್ತ ಏನೋ ಮಾತಾಡುತ್ತಿದ್ದ. ಏನೆಂದು ನಾನು ಕೇಳಿದರೆ, "ನಿನ್ನ ರೇಖಾಗಣಿತ ಹೇಳಿಕೊಡತೇನಿ" ಎನ್ನುತ್ತಿದ್ದ.

ಸುಗ್ಗಿ ಬರುವಷ್ಟರಲ್ಲಿ ಒಂದು ಸಂಜೆ ಸವದತ್ತಿಯಿಂದ ಚಕ್ಕಡಿ ಬಂದಿತು. ಅಣ್ಣ ಮೇಲೆ ಕೂತಿದ್ದ. ಹಗ್ಗ ಸಡಿಲಾಗಿತ್ತು. ಹಂಡ್ಯಾ ತನ್ನ ಎಡಮೈಯನ್ನು ಕೆಂಚ್ಯಾನಿಗೆ ತಾಗಿಸಿಕೊಂಡು ನಿರುಮ್ಮಳವಾಗಿ ನಡೆದು ಬರುತ್ತಿತ್ತು. ಮೌನಪ್ಪ ಬಂದು ಹಳಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಊರ ಅಗಸಿಯ ತನಕ ಕೇಳುವಂತೆ, "ನನ್ನ ಗಾಲಿ" ಎಂದ. ಸಂತೆಯ ಮಾತನ್ನು ಅಣ್ಣ ಮತ್ತೆ ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ಹಂಡ್ಯಾ ಕೊಟ್ಟಿಗೆಯಲ್ಲೇ ಸತ್ತಾಗ ಆಳುಗಳನ್ನು ದೂರ ನಿಲ್ಲಿಸಿ ತಾನೇ ಕುಣಿ ತೋಡಿದ. ಅವನು ಅತ್ತದ್ದನ್ನು ನಾನು ಕಂಡದ್ದು ಆವತ್ತು ಮಾತ್ರ.

ಇಷ್ಟೆಲ್ಲ ನೆನೆಯುತ್ತ ನಾನು ಪಿಕಪ್ಪನ್ನು ಒಂದು ಸುತ್ತು ಹಾಕಿದೆ. ಹಿಂದಿನ ಎಡಗಾಲಿಯ ಮುಂದೆ ಕಾಲು ನಿಂತಿತು. ಅದೂ ಹೊರಬದಿಗೆ ಸವೆದಿತ್ತು. ದಸ್ತಗೀರ ತಿರುವುವ ಸರಳು ಇರುವುದು ಮುಂದಿನ ಗಾಲಿಗೆ. ಹಿಂದಿನದಕ್ಕೆ ಅಂಥದೇನೂ ಇಲ್ಲ. ಎರಡೂ ಗಾಲಿಗಳು ರಸ್ತೆಯ ಎಡ ಅಂಚಿನ ಕಲ್ಲಿಗೆ ಉಜ್ಜುತ್ತಿದ್ದವು. ನಡೆಸುವವನಿಗೆ ಆ ಅಂಚು ಕಾಣುತ್ತಿರಲಿಲ್ಲ.

ಊಟಕ್ಕೆ ಅಣ್ಣನ ಎಡಗಡೆ ಕೂತೆ. ಅತ್ತಿಗೆ ಮಜ್ಜಿಗೆಯ ಬಟ್ಟಲನ್ನು ಅವನ ಎಡಕ್ಕಿಟ್ಟು ಹೋದಳು. ಅವನು ಬಟ್ಟಲು ಹುಡುಕಲು ಪೂರ್ತಿ ಕೊರಳು ತಿರುಗಿಸಿದ. ಅಪ್ಪನಂತೆ ಅಂಗೈ ಬೀಸಿ ನೋಡುವ ಧೈರ್ಯ ನನಗಾಗಲಿಲ್ಲ. ನೋಡುತ್ತ ಕೂತೆ.

"ಏನ ನೋಡಾಕ ಹತ್ತೀ?" ಎಂದ.

"ಹಂಡ್ಯಾನ ನೆನಪಾತು."

ಅಣ್ಣ ತುತ್ತು ಕೆಳಗಿಟ್ಟ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೇಳಿದ, "ಮತ್ತ, ಸಂತಿಗೆ ಹೊಡಕೊಂಡ ಹೋಗತೀಯೇನು?"

"ಮೊದಲ ಧಾರವಾಡದ ಡಾಕ್ಟರ ಹಂತ್ಯಾಕ ಹೋಗೂಣು. ಅವರು ಬ್ಯಾಡಂದ್ರ ಗಾಡಿ ಕೀಲಿ ನಿನ್ನ ಮೊಮ್ಮಗನ ಕೈಯಾಗ ಕೊಡು. ಹೂಂ ಅಂದ್ರ, ನಾ ನಿನ್ನ ಎಡಕ್ಕ ಕುಂಡ್ರತೇನಿ."

"ನಿನಗ ಅಂಜಿಕಿ ಬರತೈತಲ್ಲೋ. ಚೀಲದ ಮ್ಯಾಲ ಕುಂಡ್ರಾಂವಾ ನೀ." ಅಂದರೆ ನನ್ನ ಗಾಳಿಯ ನೆಪ ಅವನಿಗೂ ಮೊದಲಿನಿಂದ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಮುಂದೆ, ಎಡಕ್ಕೆ ಕೂತೆ. ಧಾರವಾಡಕ್ಕೆ ಸವದತ್ತಿಯ ದಾರಿ ಹತ್ತಿರ ಎಂದೆ. ಹೊಂಗಲದಲ್ಲಿ ಒಂದು ಕೆಲಸವಿದೆ, ಕಿತ್ತೂರ ಮೇಲೆ ಹಾಯ್ದು ಹೋಗೋಣ ಎಂದ. ನಿಧಾನವಾಗಿ ನಡೆಸಿದ. ಎಡಕ್ಕೆ ಕಲ್ಲು, ಎಡಕ್ಕೆ ಕುರಿ, ಎಡಕ್ಕೆ ಹಳ್ಳ ಎಂದು ನಾನು ಹೇಳುತ್ತ ಹೋದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಹಾರಿಕೊಳ್ಳುವ ಯೋಚನೆ ಮಾತ್ರ ಬರಲಿಲ್ಲ.

ದಸ್ತಗೀರನ ಕಟ್ಟೆಯ ಮೇಲೆ ಚಹಾ ಕುಡಿಯುವವರು ಏಳೆಂಟು ಜನ ಕೂತಿದ್ದರು. ಗಾಡಿ ಕಂಡ ಕೂಡಲೇ ಅವನ ಮುಖ ಸಣ್ಣದಾಯಿತು. ಅಣ್ಣ ಕೆಳಗಿಳಿದು, ಎಲ್ಲರಿಗೂ ಕೇಳುವಂತೆ ಹೇಳಿದ, "ದಸ್ತಗೀರಾ, ಗಾಲಿ ಸುದ್ದ ಅದಾವು. ಕಣ್ಣು ಸುದ್ದ ಇಲ್ಲ."

ಅಪ್ಪನ ದನಿಯೇ ಅದು. ನನಗೆ ಕಣ್ಣು ತುಂಬಿ ಬಂದು ಎದುರಿನ ಗಾಜು ಮಂಜಾಯಿತು. ಅಣ್ಣ ಬಂದು ಕೂತು ಗಾಡಿ ಚಾಲೂ ಮಾಡಿ ಕೇಳಿದ.

"ಎಡಕ್ಕೇನೈತಿ?"

"ತಡಿ," ಎಂದೆ, "ನನಗೂ ಕಾಣವಲ್ದು."

ಕಣ್ಣೊರೆಸಿಕೊಳ್ಳುವ ತನಕ ಅವನು ಕಾದ. ಆಮೇಲೆ ಇಬ್ಬರೂ ಕಿತ್ತೂರ ದಾರಿ ಹಿಡಿದೆವು.